ಮೇಷ್ಟ್ರು ಕಂಡ ಧೂಮಕೇತು

ಮೂರು ಜನ ಸೇರಿ ಆರೇಳು ತಿಂಗಳ ಕೆಲಸ ಹಾಳು ಮಾಡಿದೆವು. ಕೆಲಸ ಮಾತ್ರ ಹಾಳಾಗಿದ್ದರೆ ಮರೆತುಬಿಡಬಹುದಿತ್ತು. ಅದರ ಜೊತೆಗೆ ನನ್ನ ಮೇಷ್ಟ್ರ ಒಂದು ಕಣ್ಣೂ ಹೋಯಿತು. ಆ ಕಣ್ಣು ಹೋಗುತ್ತಿದೆ ಎನ್ನುವುದಕ್ಕೆ ಸಾಕ್ಷಿ ವಾರವಾರವೂ ನನ್ನ ಮೇಜಿನ ಮೇಲೆ ಬಂದು ಬೀಳುತ್ತಿತ್ತು, ಅದೂ ಅವರದೇ ಅಕ್ಷರದಲ್ಲಿ. ನಾನು ಓದಲಿಲ್ಲ. ಓದಲಿಲ್ಲ ಎಂದರೆ ಸುಳ್ಳಾಗುತ್ತದೆ. ಓದಿಯೂ ಓದದವಳ ಹಾಗೆ ಇದ್ದೆ.

ಕೊಪ್ಪದ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ಹೋದ ವರ್ಷ ಜನವರಿಯಲ್ಲಿ ಬೆಂಗಳೂರಿನಿಂದ ಒಬ್ಬ ಖಗೋಳ ವಿಜ್ಞಾನಿ ಫೋನ್ ಮಾಡಿದರು. ಹಿಂದೆ ಒಂದು ತರಬೇತಿ ಶಿಬಿರದಲ್ಲಿ ಪರಿಚಯವಾದವರು. ಬಾಹ್ಯಾಕಾಶದಲ್ಲಿರುವ ದೊಡ್ಡ ಇನ್‌ಫ್ರಾರೆಡ್ ದೂರದರ್ಶಕದ ಹಳೆಯ ಚಿತ್ರಗಳು ಯಾರು ಬೇಕಾದರೂ ನೋಡಲು ತೆರೆದಿವೆ, ಅವುಗಳಲ್ಲಿ ಧೂಮಕೇತು ಹುಡುಕಬೇಕು, ತಾಳ್ಮೆಯ ಕಣ್ಣುಗಳು ಬೇಕು ಎಂದರು. ತಾಳ್ಮೆ ನನ್ನದಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳದೆ ಒಪ್ಪಿಕೊಂಡೆ.

ಆ ದೂರದರ್ಶಕ ಪತ್ರಿಕೆಗಳಲ್ಲಿ ಬರುವುದು ದೊಡ್ಡ ಸುದ್ದಿಗಳಿಗೆ. ಬೇರೆ ನಕ್ಷತ್ರವನ್ನು ಸುತ್ತುವ ಗ್ರಹದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸಿಕ್ಕಿತು, ದೂಳಿನ ಮೋಡದೊಳಗೆ ಹುಟ್ಟುತ್ತಿರುವ ನಕ್ಷತ್ರ ಕಂಡಿತು, ಇಂಥವು. ನಮ್ಮದು ಅದರ ಚಿಲ್ಲರೆ ಕೆಲಸ. ನಕ್ಷತ್ರಕ್ಕೆ ಗುರಿಯಿಟ್ಟು ಚಿತ್ರ ತೆಗೆಯುವಾಗ ಅಡ್ಡಕ್ಕೆ ಒಂದೊಂದು ಕ್ಷುದ್ರಗ್ರಹ ಹಾದುಹೋಗಿರುತ್ತದೆ. ಚಿತ್ರ ತೆಗೆಸಿದವರಿಗೆ ಅದು ಕಸ, ನಮಗೆ ಅದೇ ಬೇಕು. ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ ಈ ಬಂಡೆಗಳಲ್ಲಿ ಕೆಲವು ಬರೀ ಬಂಡೆಗಳಲ್ಲ, ಒಳಗೆ ಹಿಮ ಇಟ್ಟುಕೊಂಡಿರುವ ಧೂಮಕೇತುಗಳು. ಅಂಥದ್ದೊಂದರ ಸುತ್ತ ನೀರಿನ ಆವಿ ಇರುವುದನ್ನು ಇದೇ ದೂರದರ್ಶಕ ಕಂಡುಹಿಡಿದಿತ್ತು. ಇಂಥವು ಇನ್ನೂ ಸಿಕ್ಕರೆ ಭೂಮಿಗೆ ನೀರು ಬಂದದ್ದೆಲ್ಲಿಂದ ಎನ್ನುವ ಪ್ರಶ್ನೆಗೆ ಒಂದಿಷ್ಟು ಉತ್ತರ ಸಿಗಬಹುದು.

ಹುಡುಕುವ ಕ್ರಮ ಸರಳ. ಕ್ಷುದ್ರಗ್ರಹ ಚಲಿಸುವುದರಿಂದ ಚಿತ್ರದಲ್ಲಿ ಅದು ಒಂದು ಸಣ್ಣ ಗೆರೆಯಾಗಿ ಮೂಡುತ್ತದೆ. ಬರೀ ಬಂಡೆಯಾದರೆ ಗೆರೆಯ ಅಂಚು ಚೊಕ್ಕವಾಗಿರುತ್ತದೆ. ಹಿಮ ಆವಿಯಾಗಿ ದೂಳು ಎದ್ದಿದ್ದರೆ ಆ ದೂಳಿನ ಬಿಸುಪೂ ಇನ್‌ಫ್ರಾರೆಡ್‌ಗೆ ಕಾಣುತ್ತದೆ. ಒಲೆ ಆರಿದ ಮೇಲೂ ಬೂದಿಯ ಬಿಸಿ ಅಂಗೈಗೆ ತಿಳಿಯುವಂತೆ. ಆಗ ಗೆರೆಯ ಒಂದು ಪಕ್ಕಕ್ಕೆ ಮಬ್ಬು ಹರಡಿರುತ್ತದೆ. ಗೆರೆಯ ದಪ್ಪವನ್ನು ಪಕ್ಕದ ನಕ್ಷತ್ರದ ಚುಕ್ಕೆಯೊಂದಿಗೆ ಹೋಲಿಸಬೇಕು. ಹಿಂದಿನ ಚಿತ್ರದಲ್ಲಿ ಅದೇ ಜಾಗದಲ್ಲಿ ಪ್ರಖರ ನಕ್ಷತ್ರವೇನಾದರೂ ಇತ್ತೇ ನೋಡಬೇಕು. ಇದ್ದರೆ ಅದರ ಉಳಿಕೆ ದೂರದರ್ಶಕದ ಬೆಳಕು ಹಿಡಿಯುವ ಡಿಟೆಕ್ಟರಿನಲ್ಲಿ ನಿಂತು ಇಲ್ಲದ ಮಬ್ಬನ್ನು ತೋರಿಸುತ್ತದೆ. ಕೊನೆಗೆ ಹಾಳೆಯಲ್ಲಿ ಬರೆಯಬೇಕು: ಮಬ್ಬು ಇದೆ, ಇಲ್ಲ, ಖಚಿತವಿಲ್ಲ. ಇದ್ದರೆ ಯಾವ ಕಡೆಗೆ.

ಒಂದು ಚಿತ್ರವನ್ನು ಮೂವರು ನೋಡಬೇಕು, ಒಬ್ಬರ ಉತ್ತರ ಇನ್ನೊಬ್ಬರಿಗೆ ಗೊತ್ತಾಗಬಾರದು ಎನ್ನುವುದು ವಿಜ್ಞಾನಿಗಳು ಹಾಕಿದ ಒಂದೇ ಕಟ್ಟುನಿಟ್ಟು. ಉತ್ತರ ಮೊದಲೇ ಗೊತ್ತಿರುವ ಕೆಲವು ಚಿತ್ರಗಳನ್ನೂ ಅವರು ನಡುನಡುವೆ ಸೇರಿಸಿ ಕಳಿಸುತ್ತಿದ್ದರು. ಅವು ಯಾವುವೆಂದು ನಮಗೆ ತಿಳಿಯದು. ಚಿತ್ರದಲ್ಲಿ ಸೂರ್ಯ ಯಾವ ದಿಕ್ಕಿಗಿದ್ದಾನೆ ಎನ್ನುವುದನ್ನೂ ಮುಚ್ಚಿಟ್ಟಿದ್ದರು, ಯಾಕೆಂದರೆ ದಿಕ್ಕು ಗೊತ್ತಿದ್ದರೆ ಬಾಲ ಅತ್ತಲೇ ಕಾಣಿಸತೊಡಗುತ್ತದೆ.

ಉಳಿದಿಬ್ಬರನ್ನು ನಾನೇ ಆರಿಸಿದೆ. ಒಬ್ಬರು ನರಸಿಂಹರಾಜಪುರದಲ್ಲಿರುವ ನನ್ನ ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು. ಎಪ್ಪತ್ತು ದಾಟಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಹೆಂಡತಿಯೊಂದಿಗೆ ಇದ್ದಾರೆ. ನಮಗೆ ಎಂಟನೇ ಕ್ಲಾಸಿನಲ್ಲಿ ಥರ್ಮಾಮೀಟರ್ ಓದುವುದು ಕಲಿಸುವಾಗ, ಕಂಡಷ್ಟೇ ಬರೀರಿ, ಪಕ್ಕದವನ ಪುಸ್ತಕ ನೋಡಿದ್ರೆ ಜ್ವರ ಅವನದ್ದಾಗ್ತದೆ ಎಂದು ಗದರಿಸುತ್ತಿದ್ದವರು. ಇನ್ನೊಬ್ಬಳು ಕೆರೆಕಟ್ಟೆ ಕಡೆಯ ಹಳ್ಳಿಯೊಂದರ ಅಂಚೆ ಕಚೇರಿ ನೋಡಿಕೊಳ್ಳುವವಳು. ಅವಳೂ ಅವರ ಶಿಷ್ಯೆಯೇ, ಅವರು ಶೃಂಗೇರಿಯಲ್ಲಿದ್ದಾಗಿನ ಬ್ಯಾಚು. ಧೂಮಕೇತು ಬಂದ ವರ್ಷಗಳಲ್ಲಿ ಕಾಡಿನ ಅಂಚಿನ ಗದ್ದೆಯಲ್ಲಿ ನಿಂತು ನೋಡಿ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿಟ್ಟವಳು.

ಅವಳ ಊರಿನಲ್ಲಿ ನೆಟ್‌ವರ್ಕ್ ಇಲ್ಲ. ಮೇಷ್ಟ್ರಿಗೆ ಕಂಪ್ಯೂಟರ್ ಪರದೆ ಕಣ್ಣು ಕುಕ್ಕುತ್ತದಂತೆ. ಹಾಗಾಗಿ ಚಿತ್ರಗಳನ್ನು ಬಿಳಿಯ ಮೇಲೆ ಕಪ್ಪು ಬರುವಂತೆ ತಿರುಗಿಸಿ, ಕಾಲೇಜಿನಲ್ಲಿ ಪ್ರಿಂಟ್ ತೆಗೆದು, ಲಕೋಟೆಯಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸತೊಡಗಿದೆ. ನಮ್ಮ ಕಡೆ ಕಂಡಕ್ಟರ್ ಕೈಯಲ್ಲಿ ಔಷಧಿ, ಮದುವೆ ಕಾಗದ, ಕೋಳಿಮರಿ ಎಲ್ಲ ಹೋಗುತ್ತದೆ, ಕ್ಷುದ್ರಗ್ರಹವೂ ಹೋಯಿತು. "ಎಂತ ಮೇಡಂ ಇದು, ಎಕ್ಸ್‌ರೇನಾ?" ಎಂದು ಕೇಳಿದ ಕಂಡಕ್ಟರಿಗೆ ಹೌದು ಎಂದುಬಿಟ್ಟಿದ್ದೆ.

ಮೊದಲ ಎರಡು ತಿಂಗಳು ಮೂವರಿಗೂ ಬೇರೆ ಬೇರೆ ಪ್ರಿಂಟ್. ಆಗ ನಮ್ಮ ಉತ್ತರಗಳು ಎಷ್ಟು ಜಗಳವಾಡುತ್ತಿದ್ದವೆಂದರೆ ಒಟ್ಟು ಮಾಡುವಾಗ ನನಗೆ ತಲೆನೋವು. ಮಾರ್ಚಿನಲ್ಲಿ ಪ್ರಿಂಟರ್ ಕೆಟ್ಟಿತು. ರಿಪೇರಿಯಾಗಿ ಬಂದ ಮೇಲೂ ಒಂದೆರಡು ಕಟ್ಟು ತೆಗೆಯುವಷ್ಟರಲ್ಲಿ ಮಸಿ ಗೀರುತ್ತಿತ್ತು, ಚಿತ್ರದಲ್ಲಿ ಮಸಿ ಗೀರಿದರೆ ಕಥೆ ಮುಗಿಯಿತು. ನಾನೊಂದು ಬುದ್ಧಿವಂತಿಕೆ ಮಾಡಿದೆ. ಒಂದೇ ಚೊಕ್ಕ ಪ್ರತಿ ತೆಗೆದು ಒಬ್ಬರಾದ ಮೇಲೆ ಒಬ್ಬರಿಗೆ ಕಳಿಸುವುದು. ಉತ್ತರದ ಹಾಳೆ ಬೇರೆ ಲಕೋಟೆಯಲ್ಲಿ ನೇರ ನನಗೆ, ನನ್ನ ಉತ್ತರ ಬರೆದ ಮೇಲೆಯೇ ಅದನ್ನು ಒಡೆಯುವುದು. ನಿಯಮ ಮುರಿದಂತಾಗಲಿಲ್ಲ ಎಂದುಕೊಂಡೆ.

ಯಾರಿಗೆ ಮೊದಲು ಎನ್ನುವ ಪ್ರಶ್ನೆಯೇ ಏಳಲಿಲ್ಲ. ಹಿರಿಯರು, ಕಲಿಸಿದವರು, ಅವರ ಎಲೆಗೆ ಬಡಿಸದೆ ನಾವು ಊಟಕ್ಕೆ ಕೂರುವವರಲ್ಲ. ಕಟ್ಟು ಮೊದಲು ನರಸಿಂಹರಾಜಪುರಕ್ಕೆ, ಅಲ್ಲಿಂದ ಶೃಂಗೇರಿ ದಾಟಿ ಕೆರೆಕಟ್ಟೆ ಕಡೆಗೆ, ಕೊನೆಗೆ ಕೊಪ್ಪಕ್ಕೆ ನನ್ನ ಹತ್ತಿರ.

ಮೇಷ್ಟ್ರಿಗೆ ನಲವತ್ತು ವರ್ಷದ ಅಭ್ಯಾಸ, ಪೆನ್ಸಿಲ್ ಇಲ್ಲದೆ ಯಾವ ಹಾಳೆಯನ್ನೂ ನೋಡಲಾರರು. ಮಬ್ಬು ಕಂಡಲ್ಲಿ ಒಂದು ಸುತ್ತು ಹಾಕುತ್ತಿದ್ದರು. ಆಮೇಲೆ ನಿಯಮ ನೆನಪಾಗಿ ರಬ್ಬರಿನಿಂದ ಅಳಿಸುತ್ತಿದ್ದರು. ಸೀಸ ಹೋಗುತ್ತಿತ್ತು, ಒತ್ತಿದ ಗುರುತು ಹೋಗುತ್ತಿರಲಿಲ್ಲ. ಕಿಟಕಿಯ ಬೆಳಕಿಗೆ ಹಾಳೆಯನ್ನು ಓರೆ ಹಿಡಿದರೆ ಸುತ್ತು ಎದ್ದು ಕಾಣುತ್ತಿತ್ತು.

ಮೊದಲ ಸಲ ಕಂಡಾಗ ಬೇಸರವಾಯಿತು, ಅವರಿಗೆ ಹೇಳಬೇಕು ಎಂದುಕೊಂಡೆ. ಹೇಳುವುದು ಹೇಗೆ? ಸಾರ್, ನೀವು ನಿಯಮ ತಪ್ಪುತ್ತಿದ್ದೀರಿ ಎಂದು? ಮುಂದಿನ ಕಟ್ಟಿಗೆ ಹೇಳೋಣ ಎಂದು ತಳ್ಳಿದೆ. ಮುಂದಿನ ಕಟ್ಟಿನಲ್ಲಿ ಸುತ್ತು ಹಾಕಿದ ಕಡೆ ನನಗೆ ಏನೂ ಕಾಣಲಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ, ಕಾಣಲಿಲ್ಲ. ಮೇಷ್ಟ್ರಿಗೆ ಕಂಡದ್ದು ನನಗೆ ಕಾಣುತ್ತಿಲ್ಲವೆಂದರೆ ನನ್ನ ನೋಟವೇ ಸಾಲದು ಎನಿಸಿತು. "ಖಚಿತವಿಲ್ಲ" ಎಂದು ಬರೆದೆ. ಅದರ ಮುಂದಿನದಕ್ಕೆ "ಇದೆ" ಎಂದು ಬರೆದೆ. ಒಂದು ಸಲ ಬರೆದ ಮೇಲೆ ಕಾಣತೊಡಗುತ್ತದೆ, ಅದು ಕಣ್ಣಿನ ಗುಣ. ನಾಚಿಕೆಯಿಂದ ಹೇಳುತ್ತಿದ್ದೇನೆ, ಆಮೇಲೆ ಓರೆ ಬೆಳಕಿಗೆ ಹಿಡಿಯದೆ ನಾನು ಒಂದು ಹಾಳೆಯನ್ನೂ ನೋಡಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಭಾನುವಾರ ಮಧ್ಯಾಹ್ನ ಕಟ್ಟು ಕೊಡಲು ನಾನೇ ನರಸಿಂಹರಾಜಪುರಕ್ಕೆ ಹೋಗಿದ್ದೆ. ಮೇಷ್ಟ್ರು ಬಡಗಿಯೊಂದಿಗೆ ವಾದ ಮಾಡುತ್ತಿದ್ದರು. ಕೋಣೆಯ ಬಾಗಿಲಿನ ಚೌಕಟ್ಟು ಸೊಟ್ಟಗಾಗಿದೆ, ಸರಿ ಮಾಡು ಎಂದು. ಬಡಗಿ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ತೋರಿಸಿದ. ಚೌಕಟ್ಟು ದಾರದ ಪಕ್ಕ ನೆಟ್ಟಗೆ ನಿಂತಿತ್ತು.

"ಎಲ್ಲಿ ಸೊಟ್ಟ ಇದೆ ಮೇಷ್ಟ್ರೇ? ನೀವೇ ನೋಡಿ," ಎಂದ ಬಡಗಿ.

"ನಿನ್ನ ದಾರಾನೇ ಸೊಟ್ಟ ಮಾರಾಯ. ನಡು ಹೊಟ್ಟೆ ಬಿಟ್ಟಿದೆ, ಕಾಣದಿಲ್ವಾ ನಿಂಗೆ?"

ತೂಕ ಕಟ್ಟಿದ ದಾರ ಹೊಟ್ಟೆ ಬಿಡುವುದಿಲ್ಲ ಎಂದು ನನಗೆ ಕಲಿಸಿದವರೇ ಅವರು. ಬಡಗಿ ನನ್ನ ಮುಖ ನೋಡಿ ನಕ್ಕ, ನಾನೂ ನಕ್ಕೆ. ವಯಸ್ಸಾಯಿತು, ಹಠ ಹೆಚ್ಚಾಗಿದೆ ಎಂದುಕೊಂಡೆ. ಕಾಫಿ ಕೊಡುವಾಗ ಅವರ ಹೆಂಡತಿ ಲೋಟವನ್ನು ಅವರ ಕೈಗೇ ಮುಟ್ಟಿಸಿ ಇಟ್ಟರು. "ಇವರಿಗೆ ಈಗೀಗ ಬೆಳಕು ಸಾಲದಿಲ್ಲ. ಕನ್ನಡಕದ ನಂಬರ್ ಬದಲಾಗಿರಬೇಕು, ಒಂದ್ಸಲ ಡಾಕ್ಟರ ಹತ್ರ ಹೋಗಿ ಅಂದ್ರೆ ಕೇಳದಿಲ್ಲ. ನೀನಾದ್ರೂ ಹೇಳು," ಎಂದರು. ಹೇಳುತ್ತೇನೆ ಅಮ್ಮ ಎಂದೆ. ಮೇಷ್ಟ್ರು ಆಗಲೇ ಬಲಗಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಹೊಸ ಕಟ್ಟಿನ ಮೊದಲ ಹಾಳೆಗೆ ಬಾಗಿದ್ದರು. ಅವರ ಖುಷಿ ಕೆಡಿಸಲು ಮನಸ್ಸು ಬರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಇನ್ನೂರ ಹನ್ನೆರಡನೇ ಚಿತ್ರ ಬಂದದ್ದು ಜೂನ್ ಕೊನೆಗೆ. ಮೇಷ್ಟ್ರು ಅದರ ಉತ್ತರವನ್ನು ಮಾಮೂಲಿನಂತೆ ಒಂದು ಸಾಲಿನಲ್ಲಿ ಬರೆಯದೆ ಅರ್ಧ ಪುಟ ಬರೆದಿದ್ದರು: ಮಬ್ಬು ಸ್ಪಷ್ಟ, ಕೆಳಗಿನ ಎಡಕ್ಕೆ, ಅಂಚು ನಿಧಾನಕ್ಕೆ ಕರಗಿದೆ. ಅಂಚೆ ಕಚೇರಿಯವಳದ್ದೂ ಇದೆ, ನನ್ನದೂ ಇದೆ. ಆಗಸ್ಟಿನಲ್ಲಿ ವಿಜ್ಞಾನಿ ಫೋನ್ ಮಾಡಿದಾಗ ಅವರ ಧ್ವನಿಯೇ ಬೇರೆಯಾಗಿತ್ತು. ಮೂವರೂ ಒಪ್ಪಿದ ಚಿತ್ರಗಳಲ್ಲಿ ಅದೊಂದರ ದಿಕ್ಕನ್ನು ಅವರು ಮೊದಲೇ ಲೆಕ್ಕ ಹಾಕಿ ನೋಡಿದ್ದರು. ಮಬ್ಬು ಸೂರ್ಯನಿಗೆ ವಿರುದ್ಧ ದಿಕ್ಕಿಗಿತ್ತು, ಧೂಮಕೇತುವಿನ ಬಾಲ ಇರಬೇಕಾದ ಕಡೆಗೇ. ದೂರದರ್ಶಕವನ್ನು ಆ ವಸ್ತುವಿನ ಮೇಲೆಯೇ ತಿರುಗಿಸಿ ನೀರು ಹುಡುಕಲು ಸಮಯ ಕೇಳಿ ಅರ್ಜಿ ಹಾಕುತ್ತೇನೆ, ಒಂದೇ ವಸ್ತುವಿಗೆ ಕೇಳಲು ಸಾಧ್ಯ, ಅದು ಇದೇ ಎಂದರು. ಮೊದಲು ಗುರುತಿಸಿದವರೆಂದು ಮೇಷ್ಟ್ರ ಹೆಸರೂ ಅರ್ಜಿಯಲ್ಲಿ ಹೋಗುತ್ತದೆ.

ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದೆ. "ನಲವತ್ತು ವರ್ಷ ಬೇರೆಯವರು ಕಂಡಿದ್ದನ್ನೇ ಪಾಠ ಮಾಡ್ದೆ ಮಾರಾಯ್ತಿ. ಈಗ ನಂಗೂ ಒಂದು ಕಾಣ್ತು," ಎಂದರು. ಅವರು ಅಳುತ್ತಿದ್ದರು ಎಂದೇ ನನ್ನ ನಂಬಿಕೆ.

ಸೆಪ್ಟೆಂಬರಿನಲ್ಲಿ, ಅರ್ಜಿಗೆ ಸೇರಿಸಲು ನಮ್ಮ ಮೂವರ ನಿಖರತೆಯ ಪಟ್ಟಿ ಬೇಕೆಂದು ವಿಜ್ಞಾನಿ ಮುಚ್ಚಿಟ್ಟಿದ್ದ ಉತ್ತರಗಳನ್ನು ನನಗೆ ಕಳಿಸಿದರು. ಗೊತ್ತಿದ್ದೇ ಸೇರಿಸಿದ್ದ ಚಿತ್ರಗಳು ಯಾವುವು, ಪ್ರತಿ ಚಿತ್ರದಲ್ಲಿ ಸೂರ್ಯನ ದಿಕ್ಕು ಯಾವುದು, ಎಲ್ಲ ಅದರಲ್ಲಿತ್ತು; ಅದುವರೆಗೆ ಅವರೂ ಹೊಂದಿಸಿ ನೋಡಿರಲಿಲ್ಲ. ಒಂದು ಶನಿವಾರ ಕ್ಲಾಸ್ ಮುಗಿಸಿ ಲ್ಯಾಬಿನಲ್ಲಿ ಕೂತು ಹೊಂದಿಸತೊಡಗಿದೆ. ಜನವರಿ, ಫೆಬ್ರವರಿ ಚೆನ್ನಾಗಿತ್ತು. ಮೂವರೂ ಅಲ್ಲಲ್ಲಿ ತಪ್ಪಿದ್ದೆವು, ಆದರೆ ಒಬ್ಬೊಬ್ಬರು ಒಂದೊಂದು ಕಡೆ. ಮಾರ್ಚಿನಿಂದ ಮೂವರೂ ಒಂದೇ ಕಡೆ ತಪ್ಪಿದ್ದೆವು. ಮಬ್ಬು ಇಲ್ಲವೇ ಇಲ್ಲ ಎಂದು ಖಾತರಿಯಿದ್ದ ಚಿತ್ರಗಳಿಗೆ ಮೇಷ್ಟ್ರು ಇದೆ ಎಂದಿದ್ದರು, ಅವಳು ಇದೆ ಎಂದಿದ್ದಳು, ನಾನೂ ಇದೆ ಎಂದಿದ್ದೆ.

ನಾವಿಬ್ಬರು ಮಾಡಿದ್ದು ಗೊತ್ತಾಯಿತು. ಆದರೆ ಮೇಷ್ಟ್ರು ಯಾರನ್ನೂ ನೋಡಿ ಬರೆದವರಲ್ಲ. ಅವರಿಗೆ ಕಂಡದ್ದೇನು?

ಅವರು ಬರೆದ ದಿಕ್ಕುಗಳನ್ನು ಒಂದರ ಕೆಳಗೊಂದು ಬರೆದುಕೊಂಡೆ. ಕೆಳಗಿನ ಎಡಕ್ಕೆ. ಕೆಳಗಿನ ಎಡಕ್ಕೆ. ಎಡಕ್ಕೆ. ಕೆಳಗಿನ ಎಡಕ್ಕೆ. ದೂರದರ್ಶಕ ವರ್ಷದ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಓರೆಯಲ್ಲಿ ಚಿತ್ರ ತೆಗೆಯುತ್ತದೆ. ಹಾಳೆಯ ಎಡ ಎನ್ನುವುದು ಆಕಾಶದಲ್ಲಿ ಒಂದೊಂದು ಸಲ ಒಂದೊಂದು ದಿಕ್ಕು. ನಿಜವಾದ ಬಾಲಗಳು ಸೂರ್ಯನ ಮಾತು ಕೇಳುತ್ತವೆ, ಹಾಳೆಯದ್ದಲ್ಲ. ಇಷ್ಟೂ ಚಿತ್ರಗಳಲ್ಲಿ ಮಬ್ಬು ಹಾಳೆಯ ಒಂದೇ ಮೂಲೆಗೆ ಹರಡಿದ್ದರೆ ಅದು ಆಕಾಶದಲ್ಲಿಲ್ಲ. ಹಾಳೆಯಲ್ಲಿರಬೇಕು, ಇಲ್ಲವೇ ನೋಡುವ ಕಣ್ಣಿನಲ್ಲಿರಬೇಕು. ಹಾಳೆಗಳು ನನ್ನೆದುರೇ ಇದ್ದವು, ಚೊಕ್ಕವಾಗಿದ್ದವು.

ಮರುದಿನ ಬೆಳಿಗ್ಗೆಯೇ ಶೃಂಗೇರಿಗೆ ಹೋಗಿ, ಅಲ್ಲಿಂದ ಇದ್ದ ಒಂದು ಬಸ್ಸಿಗೆ ಅಂಚೆ ಕಚೇರಿಯವಳ ಮನೆಗೆ ಹೋದೆ. ನೀನು ನಿಜಕ್ಕೂ ಕಂಡು ಬರೆದಿದ್ದೆಷ್ಟು ಎಂದು ನೇರವಾಗಿ ಕೇಳಿದೆ.

ಅವಳು ತಲೆ ತಗ್ಗಿಸಿದಳು. "ಸುತ್ತು ಹಾಕಿದ್ದು ಕಾಣ್ತಿತ್ತಲ್ಲ ಅಕ್ಕ. ಮೇಷ್ಟ್ರು ಇದೆ ಅಂದ ಮೇಲೆ ನಾನು ಇಲ್ಲ ಅಂತ ಬರೆಯದು ಹೆಂಗೆ? ನೀವಾದ್ರೂ ಓದಿದವರು, ತಪ್ಪಿದ್ರೆ ನೀವು ತಿದ್ದುತೀರಿ ಅಂದ್ಕಂಡೆ."

"ಪ್ರತಿ ಸಲ ನೀವಿಬ್ಬರೂ ಒಪ್ಪಿರ್ತೀರಲ್ಲ ಅಂತ ನಾನು ಬರೆದೆ," ಎಂದೆ.

"ಮೇಷ್ಟ್ರಿಗೆ ಇದನ್ನ ಹೇಳ್ಬೇಡಿ ಅಕ್ಕ. ಆ ಒಂದು ಚಿತ್ರ ಅವರಿಗೆ ಬಿಟ್ಬಿಡಿ. ಅದೊಂದು ಸರಿ ಇದ್ರೂ ಇರ್ಬಹುದಲ್ಲ," ಎಂದಳು. ನನಗೂ ಅದೇ ಆಸೆ ಇತ್ತು, ಸುಳ್ಳೇಕೆ ಹೇಳಲಿ. ವಾಪಸ್ ಬರುವಾಗ ಬಸ್ಸಿನಲ್ಲಿ ಪೂರ್ತಿ ಅದನ್ನೇ ಯೋಚಿಸಿದೆ. ಅರ್ಜಿ ಹೋಗಲಿ, ಸಮಯ ಸಿಗದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಕಣ್ಣು? ಅದನ್ನು ಮುಚ್ಚಿಡುವುದು ಹೇಗೆ?

ಊಹೆಯ ಮೇಲೆ ಅವರ ಮುಂದೆ ಹೋಗಿ ನಿಲ್ಲುವ ಧೈರ್ಯ ನನಗಿರಲಿಲ್ಲ. ಪರೀಕ್ಷೆ ಮಾಡಿಯೇ ಹೋಗಬೇಕು ಎಂದು ತೀರ್ಮಾನಿಸಿದೆ. ಅವರು ಮೊದಲು ನೋಡಿದ್ದ ಆರು ಚಿತ್ರಗಳನ್ನು ಆರಿಸಿ, ತಲೆಕೆಳಗಾಗಿ ಪ್ರಿಂಟ್ ತೆಗೆದು, ಹೊಸ ಸಂಖ್ಯೆ ಹಾಕಿ ಮಾಮೂಲು ಕಟ್ಟಿನಲ್ಲಿ ಸೇರಿಸಿದೆ. ಇನ್ನೂರ ಹನ್ನೆರಡು ಅದರಲ್ಲಿತ್ತು. ಬಾಲ ನಿಜವಾಗಿದ್ದರೆ ಈಗ ಅದು ಮೇಲಿನ ಬಲಕ್ಕೆ ಕಾಣಬೇಕು. ಕಲಿಸಿದವರಿಗೆ ಕದ್ದು ಪರೀಕ್ಷೆ ಕೊಡುತ್ತಿದ್ದೇನೆ ಎನ್ನುವ ಸಂಕಟದಲ್ಲೇ ಲಕೋಟೆಗೆ ಅಂಟು ಹಚ್ಚಿದೆ. ನಾಲ್ಕು ದಿನಕ್ಕೆ ಉತ್ತರ ಬಂತು. ಆರಕ್ಕೆ ಆರೂ: ಮಬ್ಬು ಇದೆ, ಕೆಳಗಿನ ಎಡಕ್ಕೆ.

ಆಮೇಲೆ ತಡಮಾಡಲಿಲ್ಲ. ಕಾಲೇಜಿಗೆ ರಜೆ ಹಾಕಿ ಮೊದಲ ಬಸ್ಸಿಗೆ ನರಸಿಂಹರಾಜಪುರಕ್ಕೆ ಹೋದೆ. ಮೇಷ್ಟ್ರು ಪಾಯಸ ಮಾಡಿಸುತ್ತೇನೆ ಎಂದರು. ಬೇಡ ಸಾರ್, ಕೂತ್ಕೊಳಿ ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಸುತ್ತಿನ ಗುರುತು, ನಾವಿಬ್ಬರು ನಕಲು ಮಾಡಿದ್ದು, ದಿಕ್ಕುಗಳು, ತಲೆಕೆಳಗಾದ ಆರು ಚಿತ್ರಗಳು.

ಅವರ ಮುಖ ಬಿಗಿಯಿತು. "ನನ್ನನ್ನೇ ಪರೀಕ್ಷೆ ಮಾಡಿದ್ಯಾ?"

"ಹೌದು ಸಾರ್."

"ನಂಗೆ ಹೇಳದೆ?"

"ಹೇಳಿದ್ರೆ ಅದು ಪರೀಕ್ಷೆ ಆಗ್ತಿರಲಿಲ್ಲ ಸಾರ್."

ಅವರು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಿನಲ್ಲಿ ಕಿಟಕಿಯ ಸರಳುಗಳನ್ನು ನೋಡಿ ಹೇಳಿ ಎಂದೆ. ನೋಡಿದರು. "ಎರಡನೇದು, ಮೂರನೇದು ಬಗ್ಗಿದಾವೆ. ಯಾರು ಬಗ್ಗಿಸಿದ್ರು ಇದನ್ನ?" ಎಂದು ಎದ್ದು ಕಿಟಕಿಯ ಹತ್ತಿರ ಹೋದರು. ಸರಳನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿನಿಂದ ಸವರಿದರು. ಮತ್ತೊಮ್ಮೆ ಸವರಿದರು. ಕಣ್ಣು ಬದಲಾಯಿಸಿ ನೋಡಿದರು. ಕಬ್ಬಿಣ ನೆಟ್ಟಗಿತ್ತು. ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು.

"ಆ ಬಡಗಿಗೆ ಸುಮ್ನೆ ಬೈದೆ," ಎಂದರು ಮೇಷ್ಟ್ರು. ಆಮೇಲೆ ನನ್ನ ಕಡೆ ತಿರುಗಿ, "ಬೆಂಗಳೂರಿಗೆ ಫೋನ್ ಮಾಡಿದ್ಯಾ?"

"ಇಲ್ಲ. ಮೊದಲು ನಿಮಗೆ ಹೇಳಾಣ ಅಂತ."

"ಅದೇ ತಪ್ಪು ನೀ ಮಾಡದು. ಮೊದ್ಲು ಅಲ್ಲಿಗೆ ಹೇಳ್ಬೇಕು. ಮಾಡು, ಇಲ್ಲಿಂದ್ಲೇ ಮಾಡು."

ಅವರೆದುರಿಗೇ ಫೋನ್ ಮಾಡಿ ಮಾರ್ಚಿನಿಂದ ಈಚಿನ ನಮ್ಮ ಎಲ್ಲ ಉತ್ತರಗಳನ್ನೂ ವಾಪಸ್ ತೆಗೆದುಕೊಳ್ಳುತ್ತೇವೆ ಎಂದೆ. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಇನ್ನೂರ ಹನ್ನೆರಡನ್ನು ವಿಜ್ಞಾನಿಯೂ ತಮ್ಮ ಪರದೆಯಲ್ಲಿ ಎಷ್ಟೋ ಸಲ ನೋಡಿದ್ದರಂತೆ. "ನನಗೂ ಕಾಣುತ್ತಿತ್ತು ಮೇಡಂ. ಕಾಣಲಿ ಅಂತ ನೋಡಿದೆ ಅನಿಸುತ್ತೆ," ಎಂದರು. ದಿಕ್ಕು ಸೂರ್ಯನಿಗೆ ಹೊಂದಿದ್ದು ಆಕಸ್ಮಿಕ. ಕಂಪ್ಯೂಟರ್ ಅಳತೆಯಲ್ಲಿ ಅದು ಬಂಡೆಯೋ ಧೂಮಕೇತುವೋ ಹೇಳಲಾಗದಷ್ಟು ಮಸುಕು. ಆ ವರ್ಷ ಅವರು ಅರ್ಜಿ ಹಾಕಲಿಲ್ಲ. ಆ ವಸ್ತು ಈಗ ಸೂರ್ಯನಿಂದ ದೂರ ಸರಿಯುತ್ತಿದೆ; ಹಿಮ ಇದ್ದರೂ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಹತ್ತಿರ ಬರಲು ವರ್ಷಗಳು ಬೇಕು. ಅಷ್ಟು ವರ್ಷ ಮೇಷ್ಟ್ರು ಕಾಯುತ್ತಾರೆಂದು ನಾನು ಹೇಳಲಾರೆ.

ಎರಡು ದಿನದ ಮೇಲೆ ಅವರನ್ನು ಶಿವಮೊಗ್ಗಕ್ಕೆ, ಒಬ್ಬ ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಚೌಕುಳಿ ಗೆರೆ ಹಾಕಿದ ಕಾರ್ಡೊಂದನ್ನು ಅವರ ಮುಂದೆ ಹಿಡಿದು, ನಡುವಿನ ಚುಕ್ಕೆ ನೋಡುತ್ತಾ ಏನು ಕಾಣುತ್ತದೆ ಹೇಳಿ ಎಂದರು. ಮೇಷ್ಟ್ರು ಎಡಗಣ್ಣು ಮುಚ್ಚಿಕೊಂಡು ಕಾರ್ಡಿಗೆ ಬಾಗಿದರು. ಎಂಟು ತಿಂಗಳ ರೂಢಿ, ವರದಿ ತಾನಾಗಿಯೇ ಬಂತು.

"ನಡು ಮಬ್ಬು ಇದೆ. ಕೆಳಗಿನ ಎಡಕ್ಕೆ ಹರಡಿದೆ. ಅಂಚು ನಿಧಾನಕ್ಕೆ..." ಅಲ್ಲಿಗೆ ನಿಲ್ಲಿಸಿದರು. ಕಾರ್ಡನ್ನು ಮೇಜಿನ ಮೇಲೆ ಇಟ್ಟರು.

ಯಾವಾಗಿನಿಂದ ಹೀಗಿದೆ ಎಂದು ಡಾಕ್ಟರು ಕೇಳಿದರು. ಒಂದು ಹದಿನೈದು ದಿನ ಇರಬಹುದು ಎಂದರು ಮೇಷ್ಟ್ರು. ಮಾರ್ಚಿನಿಂದ ಎಂದೆ ನಾನು. ಬ್ಯಾಗಿನಿಂದ ಅವರ ಉತ್ತರದ ಹಾಳೆಗಳನ್ನು ತೆಗೆದು, ತಾರೀಖಿನ ಪ್ರಕಾರ ಜೋಡಿಸಿ ಡಾಕ್ಟರ ಮುಂದೆ ಇಟ್ಟೆ. ಅವರು ಒಂದೊಂದಾಗಿ ತಿರುವಿ ನೋಡಿದರು. ತಮ್ಮ ಕಾಯಿಲೆಯನ್ನು ಇಷ್ಟು ಚೆನ್ನಾಗಿ ಬರೆದಿಟ್ಟುಕೊಂಡ ರೋಗಿ ತಮಗೆ ಸಿಕ್ಕಿಲ್ಲ ಎಂದರು. ಹೊಗಳಿಕೆಯಲ್ಲ ಅದು. ಕಣ್ಣಿನ ಒಳಪದರದ ಕೆಳಗೆ ರಕ್ತನಾಳ ಬೆಳೆದು ನೀರು ಒಸರುವ ಕಾಯಿಲೆ. ಶುರುವಿನಲ್ಲೇ ಬಂದರೆ ಕಣ್ಣಿಗೆ ಇಂಜೆಕ್ಷನ್ ಕೊಟ್ಟು ದೃಷ್ಟಿ ಉಳಿಸಿಕೊಳ್ಳಬಹುದು. ಬಲಗಣ್ಣಿನಲ್ಲಿ ಆಗಲೇ ಕಲೆ ಕಟ್ಟಿದೆ, ನಡುವಿನ ನೋಟ ಇನ್ನು ಬರುವುದಿಲ್ಲ. ಎಡಗಣ್ಣಿನಲ್ಲಿ ಈಗ ಶುರುವಾಗಿದೆ, ಅದಕ್ಕೆ ಇವತ್ತೇ ಇಂಜೆಕ್ಷನ್ ಕೊಡೋಣ ಎಂದರು. "ಏಪ್ರಿಲ್, ಮೇನಲ್ಲಿ ಬಂದಿದ್ದರೆ..." ಎಂದು ಮುಂದಿನದನ್ನು ಹೇಳದೆ ಚೀಟಿ ಬರೆಯತೊಡಗಿದರು.

ಗೋಡೆಯ ಪರದೆಯಲ್ಲಿ ಬಲಗಣ್ಣಿನ ಸ್ಕ್ಯಾನ್ ಇತ್ತು. ಕಪ್ಪು ಬಿಳುಪು ಚಿತ್ರ. ಮೇಷ್ಟ್ರು ಅದರ ಕಡೆ ಮುಖ ಎತ್ತಿದರು, ಒಂದಿಷ್ಟು ಹೊತ್ತು ಪ್ರಯತ್ನಪಟ್ಟರು. ಕಣ್ಣಿಗೆ ಹನಿ ಹಾಕಿದ್ದರು, ಎಡಗಣ್ಣೂ ಕಲಸಿತ್ತು.

"ನಂಗೆ ಆಗದಿಲ್ಲ. ನೀನು ನೋಡಿ ಹೇಳು," ಎಂದರು.

ಎದ್ದು ಹತ್ತಿರ ಹೋಗಿ ನೋಡಿದೆ. ಏನೂ ಅಷ್ಟಿಲ್ಲ ಸಾರ್ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಪದರ ನಡುವಿಗೆ ಉಬ್ಬಿದೆ ಸಾರ್. ಅದರ ಕೆಳಗೆ ಕಪ್ಪಗೆ ನೀರು ತುಂಬಿದ ಜಾಗ. ಪಕ್ಕದಲ್ಲಿ ಬೆಳ್ಳಗೆ, ಗಟ್ಟಿಯಾಗಿ ಒಂದು ಕಲೆ."

"ಖಚಿತನಾ? ಡಾಕ್ಟ್ರು ಹೇಳಿದ್ರು ಅಂತ ಹೇಳ್ತಿಲ್ವಲ್ಲ?"

"ಇಲ್ಲ ಸಾರ್. ನನಗೇ ಕಾಣ್ತಿದೆ."

ಅವರು ತಲೆಯಾಡಿಸಿದರು. ಕೋಪ ಇರಲಿಲ್ಲ, ಕ್ಲಾಸಿನಲ್ಲಿ ಉತ್ತರ ಪತ್ರಿಕೆ ವಾಪಸ್ ಕೊಡುವಾಗಿನ ಧ್ವನಿಯೇ ಇತ್ತು.

"ಸರಿಯಾಗಿ ನೋಡ್ತೀಯ. ಏಪ್ರಿಲ್‌ನಲ್ಲೇ ಹಿಂಗೆ ಹೇಳಿದ್ರೆ ಆಗ್ತಿತ್ತು ಮಾರಾಯ್ತಿ."

"ಹೌದು ಸಾರ್," ಎಂದೆ.